ಕಾರ್ಯದರ್ಶಿಗಳ ಮುಖವೂ ಟೊಮೇಟೊ ಹಣ್ಣೂ

ಶಿವಶಂಕರಪ್ಪ: ನಾನು ಕೇಳ್ತಿರೋದು ಒಂದೇ ಪ್ರಶ್ನೆ ಮೇಡಂ. ಇಷ್ಟು ದೊಡ್ಡ ಹಾಲ್‌ನಲ್ಲಿ ನಿಮ್ಮ ರೋಬೋಟಿಗೆ ಗುದ್ದೋಕೆ ನನ್ನ ಮೂಗೇ ಯಾಕೆ ಬೇಕಾಗಿತ್ತು?

ವೇದಾವತಿ: ನಿಮ್ಮ ಮೂಗಿಗಲ್ಲ ಸಾರ್. ಫ್ಲೆಕ್ಸಿನ ಮೂಗಿಗೆ.

ಶಿವಶಂಕರಪ್ಪ: ಫ್ಲೆಕ್ಸಲ್ಲಿರೋ ಮೂಗು ಯಾರದ್ದು?

ವೇದಾವತಿ: ನಿಮ್ಮದೇ ಸಾರ್.

ಶಿವಶಂಕರಪ್ಪ: ಮತ್ತೆ?

ಈ ಮಾತು ನಡೆಯುತ್ತಿದ್ದದ್ದು ಭದ್ರಾವತಿಯ ಒಂದು ಸಮುದಾಯ ಭವನದಲ್ಲಿ. ಜಿಲ್ಲಾ ಮಟ್ಟದ ಶಾಲಾ ರೋಬೋಟ್ ಸ್ಪರ್ಧೆ ಮರುದಿನ ಬೆಳಿಗ್ಗೆ. ಶುಕ್ರವಾರ ಮಧ್ಯಾಹ್ನ ಪ್ರತಿ ತಂಡಕ್ಕೂ ಒಂದಷ್ಟು ಹೊತ್ತು ಅಭ್ಯಾಸಕ್ಕೆ ಬಿಟ್ಟಿದ್ದರು. ಹಾಲ್‌ನ ನಡುವೆ ಒಂದು ಕಣ. ಕಣದಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಗಿಡಗಳು, ಗಿಡಗಳಲ್ಲಿ ಕೆಂಪು ಟೊಮೇಟೊ, ಹಸಿರು ಟೊಮೇಟೊ. ರೋಬೋಟ್ ತನ್ನ ಕ್ಯಾಮೆರಾದಿಂದ ನೋಡಿ ಹಣ್ಣನ್ನು ಮಾತ್ರ ಕಿತ್ತು ಬುಟ್ಟಿಗೆ ಹಾಕಬೇಕು, ಕಾಯಿಯನ್ನು ಮುಟ್ಟಬಾರದು. ಎರಡೇ ನಿಮಿಷ.

ಕಣದ ನಾಲ್ಕು ಬದಿಗೂ ಬೇಲಿಯ ಹಾಗೆ ಫ್ಲೆಕ್ಸ್ ಕಟ್ಟಿತ್ತು. ನಾಲ್ಕರಲ್ಲೂ ಒಂದೇ ಮುಖ, ಒಂದೇ ನಗು: ‘ಸ್ಪರ್ಧೆಗೆ ಶುಭ ಕೋರುವವರು ಶ್ರೀ ಶಿವಶಂಕರಪ್ಪನವರು’. ಇವರಿಗೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಟೈಲ್ಸ್ ಮತ್ತು ವಾಶ್‌ಬೇಸಿನ್ನಿನ ಅಂಗಡಿ. ಆಲ್ಕೊಳ ಸರ್ಕಲ್ಲಿನ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಗೆ ಕಾರ್ಯದರ್ಶಿಗಳು. ಈ ಸ್ಪರ್ಧೆಗೆ ಪ್ರಾಯೋಜಕರು. ವೇದಾವತಿ ಅದೇ ಶಾಲೆಯ ಗಣಿತದ ಟೀಚರು. ಒಮ್ಮೆ ಆಫೀಸಿನ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಎಳೆದು ತೆಗೆದದ್ದಕ್ಕೆ ರೋಬೋಟ್ ಲ್ಯಾಬಿನ ಹೊಣೆಯೂ ಅವರ ತಲೆಗೆ ಬಿದ್ದಿತ್ತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಕಾರ್ಯದರ್ಶಿಗಳ ಮಾತಿಗೆ ಅವರು ಒಮ್ಮೆಯೂ ಎದುರಾಡಿದವರಲ್ಲ.

ತಂಡದಲ್ಲಿ ನಾಲ್ವರಿದ್ದರು. ಕಾರ್ಯದರ್ಶಿಗಳ ದನಿ ಏರುತ್ತಿದ್ದ ಹಾಗೆ ಮೂವರು ಊಟಕ್ಕೆ ಹೋದರು. ಉಳಿದವಳು ಒಂಬತ್ತನೇ ತರಗತಿಯ ಅಮೂಲ್ಯ. ರೋಬೋಟಿನ ಪ್ರೋಗ್ರಾಂ ಪೂರ್ತಿ ಅವಳದೇ. ಅವಳು ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದಳು.

ಅಮೂಲ್ಯ: ತಪ್ಪು ರೋಬೋಟಿಂದಲ್ಲ ಸಾರ್. ಅದಕ್ಕೆ ನಿಮ್ಮ ಮುಖ ಹಣ್ಣಿನ ಹಾಗೆ ಕಂಡಿದೆ.

ಶಿವಶಂಕರಪ್ಪ: ಯಾವ ಹಣ್ಣು?

ಅಮೂಲ್ಯ: ಟೊಮೇಟೊ. ಅದಕ್ಕೆ ಗೊತ್ತಿರೋದು ಅದೊಂದೇ.

ವೇದಾವತಿ: ಫ್ಲೆಕ್ಸ್ ಮಾಡಿದೋರು ನಿಮ್ಮ ಕೆನ್ನೆಗೆ ಸ್ವಲ್ಪ ಬಣ್ಣ ಜಾಸ್ತಿ ಕೊಟ್ಟಿದಾರೆ ಸಾರ್. ದುಂಡಗಿದೆ, ಕೆಂಪಗಿದೆ, ಹೊಳೀತಾನೂ ಇದೆ.

ಶಿವಶಂಕರಪ್ಪ: ಆರೋಗ್ಯವಂತರ ಮುಖ ಹಾಗೇ ಇರುತ್ತೆ ಮೇಡಂ. ಇರ್ಲಿ, ರಿಮೋಟ್ ಯಾರ ಕೈಲಿತ್ತು? ಅವರನ್ನ ಕರೀರಿ.

ಅಮೂಲ್ಯ: ರಿಮೋಟ್ ಇಲ್ಲ ಸಾರ್. ಅದು ತಾನೇ ನೋಡಿ, ತಾನೇ ಯೋಚ್ನೆ ಮಾಡಿ, ತಾನೇ ನಿರ್ಧಾರ ತಗೊಳ್ಳುತ್ತೆ.

ಶಿವಶಂಕರಪ್ಪ: ತಾನೇ?

ಅಮೂಲ್ಯ: ಹೂಂ. ಅದೇ ಸ್ಪರ್ಧೆ.

ಶಿವಶಂಕರಪ್ಪ: ಕಮಿಟಿ ಕೇಳದೆ?

ವೇದಾವತಿ ಕಣದಲ್ಲಿ ಉದುರಿದ್ದ ಒಂದು ಟೊಮೇಟೊ ಎತ್ತಿ ಗಿಡಕ್ಕೆ ಸಿಕ್ಕಿಸಿದರು.

ಶಿವಶಂಕರಪ್ಪ: ನಮ್ಮ ಸಂಸ್ಥೇಲಿ ಹೆಡ್‌ಮಾಸ್ಟರ್ರೇ ಸುಣ್ಣ ಬಳಿಸೋಕೂ ನನ್ನ ಕೇಳ್ತಾರೆ. ಇದ್ಯಾವ ಮಿಷನ್ನು ಮೇಡಂ, ತಾನೇ ನಿರ್ಧಾರ ತಗೊಳ್ಳೋದು? ಅದಕ್ಕೇ ದಾರಿ ತಪ್ಪಿದೆ. ಹೇಳಿ ಅದಕ್ಕೆ, ಈ ಮುಖ ಸಂಸ್ಥೆಯ ಕಾರ್ಯದರ್ಶಿಗಳದ್ದು ಅಂತ.

ಅಮೂಲ್ಯ: ಹೇಳಿದ್ರೆ ಅರ್ಥ ಆಗಲ್ಲ ಸಾರ್, ತೋರಿಸ್ಬೇಕು. ನೂರಾರು ಫೋಟೋ ತೋರಿಸಿ, ಇದು ಹಣ್ಣು, ಇದು ಕಾಯಿ ಅಂತ ಒಂದೊಂದಕ್ಕೂ ಹೆಸರು ಹಚ್ಚಿ ಕಲಿಸಿದೀನಿ. ಮೂರು ವಾರದಿಂದ ನಮ್ಮನೇಲಿ ಟೊಮೇಟೊ ಸಾರು ಮಾಡಿಲ್ಲ. ಅಮ್ಮ ಬೇಳೆ ಬೇಯಿಸಿಟ್ಟು ನನ್ನ ಮುಖ ನೋಡ್ತಾರೆ.

ವೇದಾವತಿ: ಸಾರ್, ಒಂದು ಕೇಳ್ಬಹುದಾ. ಆ ಫ್ಲೆಕ್ಸ್‌ನ ಕಣದಿಂದ ತೆಗ್ದು, ಗೋಡೆ ಮೇಲೆ ಎತ್ತರದಲ್ಲಿ ಕಟ್ಟಿಸಿದ್ರೆ ಜನಕ್ಕೂ ಚೆನ್ನಾಗಿ ಕಾಣುತ್ತೆ.

ಶಿವಶಂಕರಪ್ಪ: ನಾಳೆ ಬರೋ ಟಿವಿಯೋರು ಏನು ತೋರಿಸ್ತಾರೆ ಮೇಡಂ? ಗೋಡೆನೋ, ಕಣಾನೋ?

ವೇದಾವತಿ: ಕಣ.

ಶಿವಶಂಕರಪ್ಪ: ಮತ್ತೆ ನಾನು ಗೋಡೆ ಮೇಲೆ ಹಲ್ಲಿ ಹಾಗೆ ಯಾಕೆ ಕೂರ್ಲಿ? ಫ್ಲೆಕ್ಸ್ ಅಲ್ಲೇ ಇರುತ್ತೆ. ಇನ್ನೊಂದು ಮಾತು ಜ್ಞಾಪಕ ಇರ್ಲಿ. ನಾಳೆ ಮೊದಲನೇದೋ ಎರಡನೇದೋ ಬಂದ್ರೆ ರಾಜ್ಯ ಮಟ್ಟಕ್ಕೆ ಹೋಗ್ತೀರಿ, ಲ್ಯಾಬ್ ಇರುತ್ತೆ. ಬರ್ಲಿಲ್ವೋ, ಸೋಮವಾರ ಆ ರೂಮನ್ನ ನೀಟ್ ಕೋಚಿಂಗಿನೋರಿಗೆ ಕೊಡ್ತೀನಿ. ಅವರು ಆಗ್ಲೇ ಬಾಗಿಲಿನ ಅಳತೆ ತಗೊಂಡು ಹೋಗಿದಾರೆ.

ಇದು ಬೆದರಿಕೆಯಾಗಿರಲಿಲ್ಲ, ನಿಜವೇ ಆಗಿತ್ತು. ಅಳತೆ ತೆಗೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದವರು ವೇದಾವತಿಯೇ. ಅವರು ಅಮೂಲ್ಯಳ ಪಕ್ಕ ನೆಲದ ಮೇಲೆ ಕೂತು ದನಿ ತಗ್ಗಿಸಿದರು.

ವೇದಾವತಿ: ಕ್ಯಾಮೆರಾ ಮೇಲೆ ನೋಡದ ಹಾಗೆ ಮಾಡೋಕಾಗಲ್ವಾ ಮಾರಾಯ್ತಿ? ನೆಲ ಮಾತ್ರ ನೋಡ್ಲಿ.

ಅಮೂಲ್ಯ: ಹಣ್ಣೂ ಅದೇ ಎತ್ತರದಲ್ಲಿದೆ ಮಿಸ್. ಮೇಲೆ ನೋಡ್ಬೇಡ ಅಂದ್ರೆ ಹಣ್ಣೂ ಕಾಣಲ್ಲ. ಒಂದೇ ದಾರಿ. ಮೂರನೇ ಗುಂಪು ಮಾಡ್ಬೇಕು. ಹಣ್ಣು ಒಂದು, ಕಾಯಿ ಒಂದು, ಇವೆರಡೂ ಅಲ್ಲದ್ದು ಇನ್ನೊಂದು. ಆ ಗುಂಪಿಗೆ ಸಾರ್ ಫ್ಲೆಕ್ಸಿನ ಒಂದಿನ್ನೂರು ಫೋಟೋ ಹಾಕಿ ಕಲಿಸಿದ್ರೆ, ರೋಬೋಟ್ ಅವರನ್ನ ನೋಡುತ್ತೆ, ಆದ್ರೆ ಲೆಕ್ಕಕ್ಕೆ ಇಟ್ಕೊಳ್ಳಲ್ಲ.

ಶಿವಶಂಕರಪ್ಪನವರ ಕಿವಿಗೆ ಬಿದ್ದದ್ದು ಮೂರೇ ಶಬ್ದ: ಸಾರ್, ಇನ್ನೂರು, ಫೋಟೋ.

ಶಿವಶಂಕರಪ್ಪ: ಯಾರ ಫೋಟೋ?

ವೇದಾವತಿ: ನಿಮ್ಮದು ಸಾರ್. ಅಂದ್ರೆ ಫ್ಲೆಕ್ಸಿಂದು. ರೋಬೋಟಿಗೆ ಕಲಿಸೋಕೆ.

ಶಿವಶಂಕರಪ್ಪ: ಹಾಗೆ ಬನ್ನಿ ದಾರಿಗೆ. ಇದನ್ನ ಮೊದಲೇ ಮಾಡ್ಬೇಕಿತ್ತಲ್ಲ. ಆದ್ರೆ ನಾನು ಇಲ್ಲೇ ನಿಂತಿರುವಾಗ ಫ್ಲೆಕ್ಸಿನ ಫೋಟೋ ಯಾಕೆ?

ಅಮೂಲ್ಯ ಒಂದು ಗಳಿಗೆ ಯೋಚಿಸಿದಳು. ನಾಳೆ ಇವರು ಕಣದ ಅಂಚಿಗೇ ಬಂದು ನಿಲ್ಲುವವರು. ಬಗ್ಗಿ ನೋಡಿದರೆ ರೋಬೋಟ್ ಅಸಲಿ ಮೂಗಿಗೇ ಕೈಹಾಕಬಹುದು.

ಅಮೂಲ್ಯ: ಎರಡೂ ತೆಗೀತೀನಿ ಸಾರ್. ನೂರು ಫ್ಲೆಕ್ಸಿಂದು, ನೂರು ನಿಮ್ಮದು.

ಮುಂದಿನ ಮುಕ್ಕಾಲು ಗಂಟೆ ಕಾರ್ಯದರ್ಶಿಗಳು ಎಷ್ಟು ವಿಧೇಯರಾಗಿದ್ದರೆಂದರೆ ವೇದಾವತಿಗೆ ಅದು ಬೇರೆ ಯಾರೋ ಎನ್ನಿಸಿತು. ಕನ್ನಡಕ ಹಾಕಿಕೊಂಡು, ತೆಗೆದು, ಶಾಲು ಹೊದ್ದು, ಮಡಚಿ, ಎಡಗೆನ್ನೆ, ಬಲಗೆನ್ನೆ, ಕಿಟಕಿಯ ಬೆಳಕಲ್ಲಿ, ಟ್ಯೂಬ್‌ಲೈಟ್ ಕೆಳಗೆ.

ಅಮೂಲ್ಯ: ಸ್ವಲ್ಪ ಬಗ್ಗಿ ಸಾರ್. ಇನ್ನೂ. ರೋಬೋಟ್ ಎತ್ತರಕ್ಕೆ.

ಶಿವಶಂಕರಪ್ಪ: ಮಂಡಿ ಊರ್ಲಾ?

ಅಮೂಲ್ಯ: ಊರಿದ್ರೆ ಒಳ್ಳೇದು.

ಅವರು ಮಂಡಿಯೂರಿದರು.

ಶಿವಶಂಕರಪ್ಪ: ನಗ್ಲಾ, ಗಂಭೀರ ಇರ್ಲಾ?

ಅಮೂಲ್ಯ: ಎಲ್ಲ ಥರಾನೂ ಇರಿ ಸಾರ್. ಯಾವ ಥರ ಇದ್ರೂ ಅದು ಮೋಸ ಹೋಗ್ಬಾರ್ದು.

ಶಿವಶಂಕರಪ್ಪ: ಒಳ್ಳೆ ಮಾತು. ಫೋಟೋ ಎಲ್ಲ ಒಂದು ಹೆಸರಿನ ಕೆಳಗೇ ಇಡ್ತೀಯ ತಾನೇ?

ಅಮೂಲ್ಯ: ಹೂಂ ಸಾರ್. ಒಂದೇ ಹೆಸರು.

ಶಿವಶಂಕರಪ್ಪ: ಪೂರ್ತಿ ಹೆಸರಾ?

ಅಮೂಲ್ಯ: ಇಲ್ಲ ಸಾರ್, ಚಿಕ್ಕದು. ಎರಡೇ ಅಕ್ಷರ.

ಶಿವಶಂಕರಪ್ಪ: ಎರಡಕ್ಷರ. ಶಿವ. ಸಾಕು ಮಾರಾಯ್ತಿ. ಶ್ರೀ, ಅಪ್ಪ, ಅವರು ಅನ್ನೋದೆಲ್ಲ ಮಿಷನ್‌ಗೆ ಯಾಕೆ? ನನಗೆ ಅಂಥ ಬಿಂಕ ಏನಿಲ್ಲ.

ವೇದಾವತಿ ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿದರು. ಮೂರನೇ ಗುಂಪಿನ ಹೆಸರು ಪರದೆಯ ಮೇಲಿತ್ತು. ಲ್ಯಾಬಿನಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯಬೇಕೆಂದು ಮಕ್ಕಳಿಗೆ ಹೇಳಿಕೊಟ್ಟವರು ಅವರೇ. ಈಗ ಪಶ್ಚಾತ್ತಾಪವಾಯಿತು. ಅಲ್ಲಿ ಬರೆದಿದ್ದದ್ದು ‘ಕಸ’.

ಶಿವಶಂಕರಪ್ಪನವರು ಕೈ ಕುಲುಕಿ, ಅಮೂಲ್ಯಳ ತಲೆ ಸವರಿ, ಕಾರು ಹತ್ತಿ ಶಿವಮೊಗ್ಗಕ್ಕೆ ಹೋದ ಮೇಲೆ ಮಾತು ಶುರುವಾಯಿತು.

ವೇದಾವತಿ: ಬೇರೆ ಹೆಸರು ಸಿಗ್ಲಿಲ್ವಾ ನಿಂಗೆ?

ಅಮೂಲ್ಯ: ಬೇಡದ್ದನ್ನೆಲ್ಲ ಹಾಕೋ ಗುಂಪು ಮಿಸ್. ಅದರಲ್ಲಿ ಪ್ಲಾಸ್ಟಿಕ್ ಎಲೆ ಇದೆ, ಬಲ್ಬಿದೆ, ನನ್ನ ಚಪ್ಪಲೀನೂ ಇದೆ. ಸಾರ್‌ಗೆ ಅಂತ ಬೇರೆ ಇಟ್ಟಿದ್ದಲ್ಲ.

ವೇದಾವತಿ: ಅದನ್ನ ಅವರಿಗೆ ಹೇಳು ನೋಡೋಣ. ಹೆಸರು ಬದಲಾಯಿಸು.

ಅಮೂಲ್ಯ: ಬದಲಾಯಿಸಿದ್ರೆ ಮತ್ತೆ ಮೊದಲಿಂದ ಪರೀಕ್ಷೆ ಮಾಡ್ಬೇಕು. ನಾಲ್ಕಕ್ಕೆ ಹಾಲ್ ಬಾಗಿಲು ಹಾಕ್ತಾರೆ. ನಾಳೆ ಪರದೆ ನೋಡೋರು ಯಾರು ಮಿಸ್? ಅದು ನನ್ನ ಲ್ಯಾಪ್‌ಟಾಪಲ್ಲಿ ಇರುತ್ತೆ ಅಷ್ಟೇ.

ಮರುದಿನ ಹಾಲ್‌ಗೆ ಕಾಲಿಟ್ಟಾಗ ವೇದಾವತಿ ಮೊದಲು ಕಂಡದ್ದೇ ವೇದಿಕೆಯ ಮೇಲೆ ಇಳಿಬಿಟ್ಟಿದ್ದ ಸಿನಿಮಾ ಥಿಯೇಟರಿನದರಂಥ ದೊಡ್ಡ ಬಿಳಿ ಪರದೆ. ಅದನ್ನು ಕಟ್ಟಿಸಿದವರು ತೀರ್ಪುಗಾರ ವೆಂಕಟಾಚಲ. ಇವರು ಭದ್ರಾವತಿಯವರೇ. ಉಕ್ಕಿನ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತು, ಕಾದ ಲೋಹದ ಬಣ್ಣ ನೋಡಿಯೇ ಅದರ ಬಿಸಿ ಎಷ್ಟೆಂದು ಹೇಳುತ್ತಿದ್ದ ಮನುಷ್ಯ; ನಿವೃತ್ತರಾದ ಮೇಲೆ ಮಕ್ಕಳ ಯಂತ್ರಗಳನ್ನು ನೋಡಿಕೊಂಡಿದ್ದರು.

ವೆಂಕಟಾಚಲ: ಪ್ರತಿ ತಂಡದವರೂ ನಿಮ್ಮ ಲ್ಯಾಪ್‌ಟಾಪಿಗೆ ಈ ವೈರು ಹಾಕಿ. ರೋಬೋಟ್ ಕಣ್ಣಿಗೆ ಏನು ಕಾಣುತ್ತೆ ಅಂತ ಎಲ್ಲರಿಗೂ ಕಾಣ್ಲಿ. ಕುರುಡು ಮಿಷನ್ ಓಡಿಸಿ ಗೆದ್ವಿ ಅನ್ನೋ ಹಾಗಿಲ್ಲ.

ವೇದಾವತಿ: ಅಮೂಲ್ಯ.

ಅಮೂಲ್ಯ: ನೋಡಿದೆ ಮಿಸ್.

ವೇದಾವತಿ: ಹೊಟ್ಟೆನೋವು ಅಂತ ಹೇಳ್ಲಾ?

ಅಮೂಲ್ಯ: ಯಾರಿಗೆ ಮಿಸ್, ನಿಮಗೋ ರೋಬೋಟಿಗೋ?

ಸ್ಪರ್ಧೆ ಶುರುವಾಯಿತು. ಮೊದಲ ತಂಡ ಶಿವಮೊಗ್ಗದ್ದೇ ಇನ್ನೊಂದು ಶಾಲೆಯದು, ಕೋಟು ಹಾಕಿದ ಕೋಚ್ ಜೊತೆ ಬಂದಿತ್ತು. ಅವರ ರೋಬೋಟ್ ಎರಡು ಹಣ್ಣು ಕಿತ್ತು, ಮೂರನೆಯದಕ್ಕೆ ನೇರವಾಗಿ ಹೋಗಿ ಶಿವಶಂಕರಪ್ಪನವರ ಕೆನ್ನೆಯನ್ನು ಹಿಡಿದು ಎಳೆಯತೊಡಗಿತು. ಬಿಡಲೇ ಇಲ್ಲ. ಎರಡನೆಯ ತಂಡದ್ದು ಹಣ್ಣಿನ ಗೋಜಿಗೇ ಹೋಗದೆ ಹೊರಟ ಕೂಡಲೇ ಹಣೆಗೆ ಹಾಯ್ದಿತು. ಮೂರನೆಯದು ಭದ್ರಾವತಿಯ ಸರ್ಕಾರಿ ಶಾಲೆಯದು. ಅದು ಬಹಳ ಸೂಕ್ಷ್ಮ ಯಂತ್ರ. ನಾಲ್ಕು ಮುಖಗಳ ನಡುವೆ ಯಾವುದು ದೊಡ್ಡ ಹಣ್ಣೆಂದು ತೀರ್ಮಾನವಾಗದೆ ಎರಡು ನಿಮಿಷ ನಿಂತಲ್ಲೇ ಗಿರಗಿರ ತಿರುಗಿತು.

ಕಣದ ಅಂಚಿನಲ್ಲಿ ನಿಂತಿದ್ದ ಕಾರ್ಯದರ್ಶಿಗಳಿಗೆ ಬಹಳ ಖುಷಿಯಾಯಿತು.

ಶಿವಶಂಕರಪ್ಪ: ನೋಡಿದ್ರಾ ಮೇಡಂ, ಎಲ್ಲ ಶಾಲೆಯವೂ ನನ್ನ ಹತ್ರಾನೇ ಬರ್ತಿವೆ. ಈಗ ನಮ್ಮದು ನೋಡಿ, ಹೇಗೆ ಗುರುತು ಹಿಡಿಯುತ್ತೆ ಅಂತ.

ಅಮೂಲ್ಯಳ ರೋಬೋಟ್ ಹೊರಟಿತು. ದೊಡ್ಡ ಪರದೆಯ ಮೇಲೆ ಗಿಡ ಬಂತು. ಕೆಂಪು ಟೊಮೇಟೊ ಸುತ್ತ ಒಂದು ಚೌಕ, ‘ಹಣ್ಣು’. ಹಸಿರು ಟೊಮೇಟೊ ಸುತ್ತ ಒಂದು ಚೌಕ, ‘ಕಾಯಿ’. ರೋಬೋಟ್ ಹಣ್ಣು ಕಿತ್ತಿತು, ಬುಟ್ಟಿಗೆ ಹಾಕಿತು, ತಿರುಗಿತು. ಈಗ ಪರದೆಯ ತುಂಬ ಶಿವಶಂಕರಪ್ಪನವರ ಮುಖ. ಮುಖದ ಸುತ್ತ ಒಂದು ಚೌಕ. ಚೌಕದ ಮೇಲೆ ಕಸ, ತೊಂಬತ್ತೇಳು ಪರ್ಸೆಂಟ್.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಲ್ಲಿಂದ ನಗು ಮುಂದಿನ ಸಾಲಿನವರೆಗೂ ಹರಿದು ಬಂತು. ರೋಬೋಟ್ ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಹಣ್ಣು. ಕಸ. ಹಣ್ಣು. ಕಾಯಿ. ಕಸ. ಕಾರ್ಯದರ್ಶಿಗಳು ಸರಿಯಾಗಿ ಓದಲೆಂದು ಕಣದ ಮೇಲೆ ಬಗ್ಗಿದರು. ಅವರ ಅಸಲಿ ಮುಖವೂ ಪರದೆಗೆ ಬಂತು. ಅದಕ್ಕೂ ಚೌಕ ಬಿತ್ತು.

ಎರಡು ನಿಮಿಷ ಮುಗಿದಾಗ ಬುಟ್ಟಿಯಲ್ಲಿ ಏಳು ಹಣ್ಣಿದ್ದವು. ಶಿವಶಂಕರಪ್ಪನವರ ಮುಖ ಈಗ ನಿಜಕ್ಕೂ ಫ್ಲೆಕ್ಸಿನ ಬಣ್ಣಕ್ಕೆ ಬಂದಿತ್ತು.

ಶಿವಶಂಕರಪ್ಪ: ಎರಡಕ್ಷರ ಅಂದಿದ್ದು ಇದಾ?

ಅಮೂಲ್ಯ: ಹೂಂ ಸಾರ್.

ಶಿವಶಂಕರಪ್ಪ: ನನ್ನನ್ನ ಮಂಡಿ ಊರಿಸಿ ನೂರು ಫೋಟೋ ತೆಗೆದಿದ್ದು ಇದಕ್ಕಾ?

ಅಮೂಲ್ಯ: ನೀವು ಆ ಫೋಟೋ ಕೊಡದೆ ಇದ್ದಿದ್ರೆ ಏಳು ಹಣ್ಣು ಬರ್ತಿರ್ಲಿಲ್ಲ ಸಾರ್.

ಶಿವಶಂಕರಪ್ಪ: ತೊಂಬತ್ತೇಳು ಅಂದ್ರೆ ಏನು?

ಅಮೂಲ್ಯ: ಅದಕ್ಕೆ ಅಷ್ಟು ಖಾತ್ರಿ ಇದೆ ಅಂತ.

ಶಿವಶಂಕರಪ್ಪ: ಉಳಿದ ಮೂರು?

ಅಮೂಲ್ಯ: ಅದು ಅನುಮಾನ ಸಾರ್. ಬೆಳಕು ಸರಿ ಇಲ್ದಿದ್ರೆ ನೀವು ಹಣ್ಣೂ ಇರಬಹುದು ಅಂತ.

ವೇದಾವತಿ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಕೋಟು ಹಾಕಿದ ಕೋಚ್ ವೆಂಕಟಾಚಲರ ಮೇಜಿನ ಮುಂದೆ ನಿಂತು, ಪ್ರಾಯೋಜಕರ ಮುಖ ತಮ್ಮ ಯಂತ್ರಕ್ಕೆ ಅಡ್ಡ ಬಂದಿದೆ ಎಂದು ಕೂಗತೊಡಗಿದ್ದ. ಉಳಿದ ತಂಡಗಳೂ ಸೇರಿಕೊಂಡವು. ವೆಂಕಟಾಚಲ ಎದ್ದು ಬಂದು ಫ್ಲೆಕ್ಸನ್ನು ಹತ್ತಿರದಿಂದ ನೋಡಿದರು, ಆಮೇಲೆ ಅಸಲಿ ಮುಖವನ್ನೂ ನೋಡಿದರು.

ವೆಂಕಟಾಚಲ: ಈ ಫ್ಲೆಕ್ಸು ಕಣದೊಳಗೆ ಇರೋ ಹಾಗಿಲ್ಲ. ಆದ್ರೆ ಎಲ್ಲರಿಗೂ ಇದ್ದದ್ದು ಒಂದೇ ಕಣ, ಅದೂ ನಿಜ. ಅದಕ್ಕೇ ಮುಂದಿರೋ ತಂಡದವರನ್ನೇ ಕೇಳ್ತೀನಿ. ಇದೇ ಫಲಿತಾಂಶ ಇಟ್ಕೊಂಡ್ರೆ ನೀವು ಮೊದಲು. ಫ್ಲೆಕ್ಸ್ ತೆಗೆದ್ರೆ ಎಲ್ಲರೂ ಮತ್ತೊಮ್ಮೆ ಓಡಿಸ್ಬೇಕು, ನೀವೂ ಸೇರಿ. ಏನಂತೀರಿ?

ಶಿವಶಂಕರಪ್ಪ: ಫ್ಲೆಕ್ಸ್ ತೆಗೆಯೋ ಮಾತೇ ಇಲ್ಲ. ನಮ್ಮದು ಮೊದಲು ಬಂದಿದೆ. ಬರ್ಕೊಳ್ಳಿ.

ಅಮೂಲ್ಯ: ತೆಗೀರಿ ಸಾರ್.

ಶಿವಶಂಕರಪ್ಪ: ನಿನ್ನ ಕೇಳ್ಲಿಲ್ಲ.

ವೆಂಕಟಾಚಲ: ನಾನು ಅವಳನ್ನೇ ಕೇಳಿದ್ದು.

ಶಿವಶಂಕರಪ್ಪ: ಏನು ಮಾರಾಯ್ತಿ, ಗೆದ್ದಿದೀವಲ್ಲ?

ಅಮೂಲ್ಯ: ಯಾರನ್ನ ಗೆದ್ವಿ ಸಾರ್? ಒಂದು ನಿಮ್ಮ ಕೆನ್ನೆ ಹಿಡ್ಕೊಂಡಿತ್ತು. ಒಂದು ಹಣೆಗೆ ಹಾಯ್ತು. ಆ ಸರ್ಕಾರಿ ಶಾಲೆಯೋರ ಪ್ರೋಗ್ರಾಂ ನಮ್ಮದಕ್ಕಿಂತ ಚುರುಕಿದೆ, ಅದು ತಲೆ ತಿರುಗಿ ನಿಂತಿತ್ತು. ರಾಜ್ಯ ಮಟ್ಟದಲ್ಲಿ ನಿಮ್ಮ ಫ್ಲೆಕ್ಸ್ ಇರಲ್ಲ. ಅಲ್ಲಿ ಯಾರನ್ನ ಸೋಲಿಸ್ತೀವಿ?

ಶಿವಶಂಕರಪ್ಪ: ಮತ್ತೆ ಓಡಿಸಿ ಸೋತ್ರೆ? ಲ್ಯಾಬ್ ಹೋಗುತ್ತೆ ಗೊತ್ತಲ್ಲ?

ಅಮೂಲ್ಯ ವೇದಾವತಿಯ ಕಡೆ ನೋಡಿದಳು. ವೇದಾವತಿ ಕಣ್ಣು ಬಿಟ್ಟಿದ್ದರು. ಹೂಂ ಎನ್ನುವಂತೆ ತಲೆ ಒಂದಿಷ್ಟು ಆಡಿಸಿದರು.

ಅಮೂಲ್ಯ: ಗೊತ್ತು ಸಾರ್. ಆದ್ರೂ ತೆಗೀರಿ. ನೀವು ಇದ್ರೂ ಇಲ್ದಿದ್ರೂ ನಮ್ಮ ರೋಬೋಟಿಗೆ ಒಂದೇ.

ಅಷ್ಟರಲ್ಲಿ ಇನ್ನೂ ಆಫ್ ಮಾಡಿರದ ರೋಬೋಟ್ ನಿಂತಲ್ಲೇ ಕ್ಯಾಮೆರಾ ತಿರುಗಿಸಿತು. ಪರದೆಯ ಮೇಲೆ ಮತ್ತೆ ಅದೇ ಮುಖ, ಅದೇ ಎರಡಕ್ಷರ. ಹಾಲ್ ಮತ್ತೆ ನಕ್ಕಿತು. ಕಾರ್ಯದರ್ಶಿಗಳು ಶಾಲು ಕುರ್ಚಿಯ ಮೇಲೆ ಹಾಕಿ, ಕಣಕ್ಕಿಳಿದು, ಯಾರ ಸಹಾಯವನ್ನೂ ಕೇಳದೆ ಒಂದೊಂದೇ ಗಂಟು ಬಿಚ್ಚಿದರು. ನಾಲ್ಕನೆಯ ಫ್ಲೆಕ್ಸಿನಲ್ಲಿ ಕೆನ್ನೆ ಹರಿದಿತ್ತು. ಅದನ್ನು ಬೆರಳಿನಿಂದ ಸವರಿ ಸರಿಮಾಡಲು ನೋಡಿದರು, ಆಗಲಿಲ್ಲ, ಸುತ್ತಿಟ್ಟರು.

ಎರಡನೆಯ ಓಟದಲ್ಲಿ ಸರ್ಕಾರಿ ಶಾಲೆಯ ರೋಬೋಟ್ ಎಂಟು ಹಣ್ಣು ಕಿತ್ತಿತು. ಅಮೂಲ್ಯಳದು ಮತ್ತೆ ಏಳು. ಕೋಟಿನವರದು ನಾಲ್ಕು ಹಣ್ಣು, ಒಂದು ಕಾಯಿ. ಎಂಟೂ ಏಳೂ ರಾಜ್ಯ ಮಟ್ಟಕ್ಕೆ ಎಂದು ವೆಂಕಟಾಚಲ ಘೋಷಿಸಿದಾಗ, ಊಟಕ್ಕೆ ಹೋಗುವ ಅಭ್ಯಾಸದ ಆ ಮೂವರು ಮಕ್ಕಳು ಅಮೂಲ್ಯಳನ್ನು ಎತ್ತಿಕೊಳ್ಳಲು ಹೋಗಿ ಲ್ಯಾಪ್‌ಟಾಪನ್ನು ಬೀಳಿಸುವುದರಲ್ಲಿದ್ದರು. ವೇದಾವತಿ ಒಂದು ಮೂಲೆಯಲ್ಲಿ ಸೆರಗಿನಿಂದ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.

ಹೊರಗೆ ಶಿವಶಂಕರಪ್ಪನವರು ಫ್ಲೆಕ್ಸಿನ ಸುರುಳಿಗಳನ್ನು ಕಾರಿನ ಡಿಕ್ಕಿಗೆ ತುರುಕುತ್ತಿದ್ದರು. ಅವು ಪೂರ್ತಿ ಹಿಡಿಯಲಿಲ್ಲ. ವೇದಾವತಿ, ಅಮೂಲ್ಯ ಇಬ್ಬರೂ ಹತ್ತಿರ ಬಂದದ್ದು ನೋಡಿ ನಿಲ್ಲಿಸಿದರು.

ಶಿವಶಂಕರಪ್ಪ: ಮೇಡಂ, ಕೋಚಿಂಗಿನೋರಿಗೆ ಫೋನ್ ಮಾಡಿ, ಸೋಮವಾರ ಬರ್ಬೇಡಿ ಅಂತ ಹೇಳಿ.

ವೇದಾವತಿ: ಹೇಳ್ತೀನಿ ಸಾರ್.

ಶಿವಶಂಕರಪ್ಪ: ಪೂರ್ತಿ ಬರ್ಬೇಡಿ ಅಂತಲ್ಲ. ಸದ್ಯಕ್ಕೆ ಬೇಡ ಅಂತ. ಆ ಮಿಷನ್ ರಾಜ್ಯ ಮಟ್ಟಕ್ಕೆ ಹೋಗಿ ಬರ್ಲಿ, ಆದ್ರೆ ನನ್ನನ್ನ ಸರಿಯಾಗಿ ಗುರುತು ಹಿಡಿಯೋವರೆಗೂ ಅದಕ್ಕೆ ಪಾಠ ನಿಲ್ಲಿಸೋ ಹಾಗಿಲ್ಲ. ಜಿಲ್ಲೆಯೋರೆಲ್ಲ ನೋಡಿದಾರೆ. ನನ್ನ ಮುಖ ಬಂದ ಕೂಡ್ಲೇ ‘ಕಾರ್ಯದರ್ಶಿಗಳು’ ಅಂತ ಬರ್ಬೇಕು. ಅಲ್ಲಿವರೆಗೂ ಲ್ಯಾಬ್ ಇರ್ಲಿ. ಅದು ಕಲಿತ ಮಾರನೇ ದಿನ ರೂಮು ಖಾಲಿ. ಎಷ್ಟು ದಿನ ಹಿಡಿಯುತ್ತೆ ಅಮೂಲ್ಯ?

ಅಮೂಲ್ಯ: ಅದೇನು ಸಾರ್, ಹೆಸರು ಬದಲಾಯಿಸಿದ್ರೆ ಆಯ್ತು. ಅರ್ಧ—

ವೇದಾವತಿ: ಅರ್ಧ ಕಲಿಸೋಕೇ ನಾಲ್ಕು ವರ್ಷ ಬೇಕು ಸಾರ್.